ತೊಟ್ಟಿಲು ತರುವ ಮೊದಲು ಅಳತೆ ಟೇಪು ಹಿಡಿಯಿರಿ

ಈ ಸಲ ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಎಳೆಗೂಸಿನ ಸಾಮಾನಿನ ಬಗ್ಗೆ. ಉತ್ತರಕ್ಕೆ ಮೊದಲು ಒಂದು ಮಾತು: ಕೂಸು ಮಲಗುವ ಜಾಗ ಸಮತಟ್ಟಾಗಿರಬೇಕು, ಗಟ್ಟಿಯಾಗಿರಬೇಕು, ಖಾಲಿಯಾಗಿರಬೇಕು. ಈ ಮೂರೂ ಇದ್ದರೆ ಅಗ್ಗದ ಹಾಸಿಗೆಯೂ ಸಾಕು. ಇಲ್ಲದಿದ್ದರೆ ಎಷ್ಟು ದುಬಾರಿ ತೊಟ್ಟಿಲು ತಂದರೂ ಪ್ರಯೋಜನವಿಲ್ಲ.

ಪ್ರಶ್ನೆ: ಅಜ್ಜಿಯ ಕಾಲದ ಬಣ್ಣದ ಮರದ ತೊಟ್ಟಿಲು ಅಟ್ಟದ ಮೇಲಿದೆ. ಅದನ್ನೇ ರಿಪೇರಿ ಮಾಡಿಸೋಣವೇ, ಬಡಿಗೇರರಿಗೆ ಹೇಳಿ ಹೊಸದು ಮಾಡಿಸೋಣವೇ?
— ಹರಿಹರದ ಓದುಗರು

ಮೊದಲು ಅದನ್ನು ಕೆಳಗಿಳಿಸಿ ಅಳೆಯಿರಿ. ಪಕ್ಕದ ಸರಳುಗಳ ನಡುವಿನ ಸಂದು 6 ಸೆಂಟಿಮೀಟರ್ ದಾಟಬಾರದು. ಅದಕ್ಕಿಂತ ಅಗಲವಿದ್ದರೆ ಕೂಸಿನ ಕಾಲು, ಸೊಂಟ ಸಂದಿನಿಂದ ಆಚೆ ಜಾರುತ್ತವೆ, ತಲೆ ಮಾತ್ರ ಒಳಗೇ ಸಿಕ್ಕಿಕೊಂಡು ಕುತ್ತಿಗೆ ಬಿಗಿಯುತ್ತದೆ. ಹಳೆಯ ತೊಟ್ಟಿಲುಗಳಲ್ಲಿ ಚೆಂದಕ್ಕೆಂದು ಸಂದು ಅಗಲವಾಗಿಯೇ ಇರುತ್ತದೆ. ಒಂದು ಸರಳು ಮುರಿದಿದ್ದರೂ, ಕೈಯಲ್ಲಿ ತಿರುಗಿಸಿದರೆ ಅಲುಗಾಡಿದರೂ ಅದೇ ಅಪಾಯ. ಮೂಲೆಯ ಗುಬ್ಬಿಗಳು ಅಂಚಿನಿಂದ ಮೇಲೆ ಎದ್ದಿದ್ದರೆ ಕೂಸಿನ ಅಂಗಿ, ಕೊರಳ ದಾರ ಅದಕ್ಕೆ ಸಿಕ್ಕುತ್ತವೆ. ಅವನ್ನು ಅಂಚಿನ ಮಟ್ಟಕ್ಕೆ ಕೊಯ್ಸಿಬಿಡಿ.

ಇನ್ನು ಬಣ್ಣ. ಹಳೆಯ ಎನಾಮಲ್ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ನಮ್ಮಲ್ಲಿ ಮನೆಬಳಕೆಯ ಪೇಂಟಿಗೆ ಸೀಸದ ಮಿತಿ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಎಂದು ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ಕೊನೆಯಲ್ಲಿ. ಹಲ್ಲು ಬರುವಾಗ ಕೂಸು ತೊಟ್ಟಿಲಿನ ಅಂಚನ್ನು ಕಚ್ಚಿಯೇ ಕಚ್ಚುತ್ತದೆ. ಹಾಗೆಂದು ಹಳೆಯ ಬಣ್ಣವನ್ನು ಮರಳು ಕಾಗದದಿಂದ ಉಜ್ಜಿಸಬೇಡಿ: ಆ ಪುಡಿ ಮನೆಯೆಲ್ಲ ಹರಡಿ, ಬಣ್ಣ ಇದ್ದಾಗಿನದಕ್ಕಿಂತ ಹೆಚ್ಚು ಕೆಡುಕು ಮಾಡುತ್ತದೆ, ಬಸುರಿಯರಿಗಂತೂ ಸಲ್ಲದು. ಹಳೆಯ ತೊಟ್ಟಿಲಿನಲ್ಲಿ ನಾಮಕರಣದ ಶಾಸ್ತ್ರ ಮುಗಿಸಿ, ದಿನಬಳಕೆಗೆ ಹೊಸದು ಮಾಡಿಸುವುದು ನಮ್ಮ ಸಲಹೆ. ಅಜ್ಜಿಗೂ ಸಮಾಧಾನ, ಕೂಸಿಗೂ ಕ್ಷೇಮ.

ಬಡಿಗೇರರಿಗೆ ಬಾಯಲ್ಲಿ ಹೇಳದೆ ಅಳತೆ ಬರೆದುಕೊಡಿ. ಸಂದು 5ರಿಂದ 6 ಸೆಂ.ಮೀ. ಒಳಗೆ, ಎಲ್ಲ ಕಡೆ ಒಂದೇ ಸಮ. ತಳಕ್ಕೆ ಬಗ್ಗದ ಪ್ಲೈವುಡ್, ಗಾಳಿಗೆ ಅದರಲ್ಲಿ ತೂತು. ಮೊಳೆ ಬೇಡ, ಸ್ಕ್ರೂ ಮತ್ತು ಬೋಲ್ಟು, ಅವುಗಳ ತಲೆ ಮರದೊಳಗೆ ಕೂತಿರಬೇಕು. ಹಾಸಿಗೆಯ ಮೇಲ್ಮೈಯಿಂದ ಅಂಚಿಗೆ ಕನಿಷ್ಠ 50 ಸೆಂ.ಮೀ. ಎತ್ತರ ಇಟ್ಟರೆ ಕೂಸು ಎದ್ದು ನಿಲ್ಲುವ ಕಾಲಕ್ಕೂ ಬರುತ್ತದೆ. ಒಂದು ಪಕ್ಕ ಕೆಳಗೆ ಜಾರುವ ಮಾದರಿಯನ್ನು ಅನುಕೂಲವೆಂದು ಕೆಲವರು ಕೇಳುತ್ತಾರೆ. ಕೊಂಡಿ ಕಳಚಿ, ಸಂದಿಯಲ್ಲಿ ಮಕ್ಕಳು ಸಿಕ್ಕಿ ಸತ್ತ ಕಾರಣಕ್ಕೆ ಅಮೆರಿಕ 2011ರಲ್ಲಿ ಅಂಥ ತೊಟ್ಟಿಲನ್ನು ನಿಷೇಧಿಸಿತು. ನಾಲ್ಕೂ ಪಕ್ಕ ಗಟ್ಟಿಯಾಗಿ ಕೂತಿರುವುದನ್ನೇ ಮಾಡಿಸಿ. ಪಾಲಿಶ್ ಹೊಡೆಸಿದರೆ ವಾಸನೆ ಪೂರ್ತಿ ಹೋಗುವವರೆಗೆ ಗಾಳಿಗೆ ಬಿಡಿ. ಅಂದರೆ ಹೆರಿಗೆಗೆ ತಿಂಗಳ ಮುಂಚೆಯೇ ಕೆಲಸ ಮುಗಿದಿರಲಿ.

ಗಾದಿಯ ವಿಷಯದಲ್ಲೇ ಹೆಚ್ಚಿನ ಮನೆಗಳು ತಪ್ಪುವುದು. ಹೊಸದಾಗಿ ಹಿಂಜಿದ ಹತ್ತಿಯ ಉಬ್ಬಿದ ಗಾದಿ ಕೈಗೆ ಮೆತ್ತಗೆ ಹಿತ, ಕೂಸಿಗೆ ಅಪಾಯ: ಮುಖ ಹೂತರೆ ತಿರುಗಿಸಿಕೊಳ್ಳುವ ಶಕ್ತಿ ಅದರ ಕತ್ತಿಗಿಲ್ಲ. ಅಂಗೈ ಊರಿ ಒತ್ತಿ ತೆಗೆಯಿರಿ. ಕೈಯ ಗುರುತು ಹಾಗೇ ಉಳಿದರೆ ಆ ಗಾದಿ ಬೇಡ. ಎರಡು ಮೂರು ಮಡಿಕೆಯ ಹಳೆಯ ಕೌದಿಯನ್ನು ಪ್ಲೈವುಡ್ ಮೇಲೆ ಬಿಗಿಯಾಗಿ ಹಾಸಿ, ಮೇಲೊಂದು ಹತ್ತಿ ಬಟ್ಟೆಯನ್ನು ಸುಕ್ಕಿಲ್ಲದಂತೆ ಸುತ್ತಲೂ ಒಳಗೆ ತುರುಕಿದರೆ ಸಾಕು. ಗಾದಿಗೂ ಪಕ್ಕಕ್ಕೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಇರಬಾರದು. ಸುತ್ತ ಕಟ್ಟುವ ಮೆತ್ತೆ, ಬೊಂಬೆ, ದಿಂಬು ಯಾವುದೂ ಒಳಗಿರಬಾರದು. ಭದ್ರಾ ನಾಲೆಯ ಗದ್ದೆ ಬಯಲಿನ ಊರುಗಳಲ್ಲಿ ಸೊಳ್ಳೆ ಪರದೆ ಬಿಡಲಾಗದು, ಆದರೆ ಅದು ಬಿಗಿಯಾಗಿರಲಿ, ಕೂಸಿನ ಮುಖದ ಮೇಲೆ ಜೋತುಬೀಳದಿರಲಿ.

ಸರಪಳಿಗೆ ತೂಗುಹಾಕುವುದಾದರೆ ಕೊಂಡಿ ತೊಲೆಗೆ ಅಥವಾ ಸ್ಲಾಬಿನ ಕಬ್ಬಿಣಕ್ಕೆ ಸೇರಿರಬೇಕು. ಪ್ಲಾಸ್ಟಿಕ್ ಗಿಟ್ಟಿ ತುಂಬಿ ಸ್ಕ್ರೂ ತಿರುವಿದ್ದು ನಂಬಲಾಗದು. ಬಾಯಿ ತೆರೆದ ಕೊಕ್ಕೆಯ ಬದಲು ಮುಚ್ಚಿದ ಬಳೆ ಹಾಕಿಸಿ. ಮೊದಲು 25 ಕೆ.ಜಿ. ಅಕ್ಕಿ ಚೀಲ ಇಟ್ಟು ತೂಗಿ, ಒಂದು ರಾತ್ರಿ ಹಾಗೇ ಬಿಡಿ. ಕೂಸು ಮಗ್ಗುಲಾಗುವುದನ್ನು ಕಲಿತ ದಿನವೇ ತೂಗುವುದನ್ನು ನಿಲ್ಲಿಸಿ, ತೊಟ್ಟಿಲನ್ನು ಅಲುಗದಂತೆ ಕಾಲಿನ ಮೇಲೆ ನಿಲ್ಲಿಸಬೇಕು.

ಪ್ರಶ್ನೆ: ಸೀರೆಯ ಜೋಲಿಯಲ್ಲಿ ಕೂಸು ಬೇಗ ನಿದ್ದೆ ಮಾಡುತ್ತದೆ. ರಾತ್ರಿಯಿಡೀ ಅದರಲ್ಲೇ ಬಿಡಬಹುದೇ?
— ಜಗಳೂರಿನ ಓದುಗರು

ಬೇಡ. ಜೋಲಿಯಲ್ಲಿ ಬೆನ್ನು ಬಾಗಿ ಗದ್ದ ಎದೆಗೆ ತಾಗುತ್ತದೆ. ಕೂಸಿನ ಉಸಿರಿನ ಕೊಳವೆ ಮೆತ್ತಗಿನದು, ಅಷ್ಟಕ್ಕೇ ಇಕ್ಕಟ್ಟಾಗುತ್ತದೆ, ಅಳುವ ಸದ್ದೂ ಬರುವುದಿಲ್ಲ. ಮಗ್ಗುಲಾದರೆ ಬಟ್ಟೆ ಮೂಗಿಗೆ ಅಂಟುತ್ತದೆ. ಅಡ್ಡ ಕಟ್ಟಿಗೆ ಕೊಟ್ಟರೆ ಬಾಯಿ ಅಗಲವಾಗುತ್ತದೆಯೇ ಹೊರತು ತಳದ ಗುಳಿ ಹೋಗುವುದಿಲ್ಲ. ನಿದ್ದೆ ಹತ್ತಿಸಲು ಮಾತ್ರ, ಪಕ್ಕದಲ್ಲಿ ಹಿರಿಯರೊಬ್ಬರು ಕೂತಿದ್ದಾಗ ತೂಗಿ. ನಿದ್ದೆ ಹತ್ತಿದ ಮೇಲೆ ಸಮತಟ್ಟಾದ ಹಾಸಿಗೆಗೆ ಅಂಗಾತ ಮಲಗಿಸಿ. ಮೊದಲ ಆರು ತಿಂಗಳಾದರೂ ಅಮ್ಮನ ಕೋಣೆಯಲ್ಲೇ, ಆದರೆ ಬೇರೆ ಹಾಸಿಗೆಯಲ್ಲಿ. ನಾಲ್ಕು ತಿಂಗಳಾದ ಮೇಲೆ ಜೋಲಿ ಬಿಚ್ಚಿಡಿ.

ಮೊಳಕಾಲ್ಮೂರು ರೇಷ್ಮೆ, ನೈಲಾನ್ ಸೀರೆಗಳ ಗಂಟು ಜಾರುತ್ತದೆ, ಜೋಲಿಗೆ ದಪ್ಪ ಹತ್ತಿ ಸೀರೆಯೇ ಆಗಬೇಕು. ಜೋಲಿ ನೆಲದಿಂದ ಒಂದು ಅಡಿಗಿಂತ ಎತ್ತರ ಇರಬಾರದು. ಅಣ್ಣ, ಅಕ್ಕ ಆಗಿರುವ ಚಿಕ್ಕ ಮಕ್ಕಳು ತೂಗಲು ಹೋದರೆ ಖಂಡಿತ ತಡೆಯಿರಿ.

ಪ್ರಶ್ನೆ: ತಲೆ ಗುಂಡಗಾಗಲು ಸಾಸಿವೆ ದಿಂಬು ಇಡಲೇಬೇಕು ಎನ್ನುತ್ತಾರೆ. ನಮ್ಮೂರ ಕಂಬಳಿಯನ್ನೂ ಹೊದಿಸಬೇಕಂತೆ.
— ಚಳ್ಳಕೆರೆಯ ಓದುಗರು

ಸಾಸಿವೆ, ರಾಗಿ ಯಾವ ದಿಂಬೂ ಬೇಡ. ಒಂದು ವರ್ಷದವರೆಗೆ ಕೂಸಿಗೆ ದಿಂಬಿನ ಅಗತ್ಯವೇ ಇಲ್ಲ. ತಲೆ ಒಂದೇ ಕಡೆ ಚಪ್ಪಟೆಯಾಗುವುದು ಸದಾ ಒಂದೇ ಕಡೆ ನೋಡುತ್ತಾ ಮಲಗುವುದರಿಂದ. ಇವತ್ತು ತೊಟ್ಟಿಲಿನ ಈ ತುದಿಗೆ ತಲೆ, ನಾಳೆ ಆ ತುದಿಗೆ ಮಾಡಿ. ಕೂಸು ಬೆಳಕಿನ ಕಡೆಗೆ, ನಿಮ್ಮ ಕಡೆಗೆ ತಾನೇ ತಿರುಗುತ್ತದೆ. ಎಚ್ಚರವಿದ್ದಾಗ, ನೀವು ಎದುರಿಗೆ ಕೂತು, ಎರಡು ಮೂರು ನಿಮಿಷದಿಂದ ಶುರು ಮಾಡಿ ದಿನಕ್ಕೆ ಹಲವು ಸಲ ಬೋರಲು ಮಲಗಿಸಿ. ಕತ್ತು ಒಂದೇ ಕಡೆ ಬಿಗಿದುಕೊಂಡಂತೆ ಕಂಡರೆ ಮಕ್ಕಳ ವೈದ್ಯರಿಗೆ ತೋರಿಸಿ.

ಚಳ್ಳಕೆರೆ ಕಂಬಳಿ ದೊಡ್ಡವರಿಗೆ ಎಷ್ಟು ಒಳ್ಳೆಯದೋ ಕೂಸಿಗೆ ಅಷ್ಟೇ ಭಾರ. ಉಣ್ಣೆ ಎಳೆ ಚರ್ಮಕ್ಕೆ ಚುಚ್ಚುತ್ತದೆ, ಸಡಿಲ ಹೊದಿಕೆ ಮುಖಕ್ಕೆ ಏರುತ್ತದೆ. ನಿಮಗೆ ಎಷ್ಟು ಬಟ್ಟೆ ಬೇಕೋ ಅದಕ್ಕಿಂತ ಒಂದು ಪದರ ಹೆಚ್ಚು ತೊಡಿಸಿದರೆ ಸಾಕು. ಬೇಸಗೆಯಲ್ಲಿ ಅದೂ ಬೇಡ. ಕತ್ತಿನ ಹಿಂಭಾಗ ಬೆವೆತಿದ್ದರೆ ಬಟ್ಟೆ ಜಾಸ್ತಿಯಾಗಿದೆ ಎಂದರ್ಥ.

ಪ್ರಶ್ನೆ: ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುವ ಪದ್ಧತಿ ನಮ್ಮಲ್ಲಿದೆ. ಹೊಗೆ ಇಲ್ಲದ ಕೆಂಡ ಆದರೆ ಪರವಾಗಿಲ್ಲವೇ?
— ದಾವಣಗೆರೆಯ ಓದುಗರು

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೃತಜ್ಞತೆ. ಹೊಗೆ ಇಲ್ಲದ ಕೆಂಡವೇ ಹೆಚ್ಚು ಮೋಸ ಮಾಡುತ್ತದೆ. ಇದ್ದಿಲಿನ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಹೊರಬೀಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಬಿಡುತ್ತದೆ. ಚಳಿ, ಗಾಳಿ ಸೋಕದಿರಲೆಂದು ಬಾಣಂತಿ ಕೋಣೆಯ ಕಿಟಕಿ, ಬಾಗಿಲ ಸಂದು ಎಲ್ಲ ಮುಚ್ಚಿರುತ್ತೇವಲ್ಲ, ಅಲ್ಲಿ ಅದು ಬೇಗ ತುಂಬಿಕೊಳ್ಳುತ್ತದೆ. ತಾಯಿಗೆ ತಲೆನೋವು, ಓಕರಿಕೆ, ಮಂಪರು. ಕೂಸು ಹಾಲು ಬಿಟ್ಟು ಮಂಕಾಗುವುದು ಇದರ ಗುರುತು. ಬಾಣಂತನದ ಆಯಾಸವೆಂದು ಮನೆಯವರು ಸುಮ್ಮನಾಗಬಾರದು. ಹಾಗೆ ಕಂಡರೆ ಇಬ್ಬರನ್ನೂ ತಕ್ಷಣ ಹೊರಗೆ ಕರೆತಂದು, ಕಿಟಕಿ ಬಾಗಿಲು ತೆರೆದು, 108ಕ್ಕೆ ಕರೆ ಮಾಡಿ. ಕೋಣೆಯೊಳಗೆ ಕೆಂಡ ಇಡಲೇಬೇಡಿ. ಲೋಬಾನದ ಹೊಗೆಯನ್ನು ಕೂಸಿಗೆ ಹಿಡಿಯುವುದೂ ಬೇಡ.

ಕೋಣೆ ಸುಮಾರು 25 ಡಿಗ್ರಿ ಬೆಚ್ಚಗಿದ್ದರೆ ಕೂಸಿಗೆ ಸಾಕು. ಚಳಿಗಾಲದ ರಾತ್ರಿಯಲ್ಲಿ ಹಾಸಿಗೆಯನ್ನು ಬಿಸಿನೀರಿನ ಚೀಲದಿಂದ ಕಾಯಿಸಿ, ಚೀಲ ತೆಗೆದ ಮೇಲೆ ಮಲಗಿಸಿ. ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಇಟ್ಟುಕೊಳ್ಳುವುದಕ್ಕಿಂತ ಒಳ್ಳೆಯ ಶಾಖ ಇನ್ನೊಂದಿಲ್ಲ, ಆದರೆ ಆಗ ತಾಯಿ ಎಚ್ಚರವಾಗಿರಬೇಕು.

ಪ್ರಶ್ನೆ: ತವರಿನಿಂದ ಗಂಡನ ಮನೆಗೆ ಕಾರಿನಲ್ಲಿ ಹೋಗುವಾಗ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಸಾಲದೇ?
— ಚಿತ್ರದುರ್ಗದ ಓದುಗರು

ಸಾಲದು. ಹೆದ್ದಾರಿ 48ರ ವೇಗದಲ್ಲಿ ಗಾಡಿ ಗುದ್ದಿದರೆ ನಾಲ್ಕು ಕೆ.ಜಿ. ಕೂಸು ತನ್ನ ತೂಕದ ಹತ್ತಾರು ಪಟ್ಟು ಬಲದಿಂದ ಮುಂದಕ್ಕೆ ಚಿಮ್ಮುತ್ತದೆ. ಯಾವ ತಾಯಿಯ ತೋಳಿಗೂ ಅದನ್ನು ಹಿಡಿಯಲಾಗದು. 14 ವರ್ಷದೊಳಗಿನವರಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಬೇಕೆಂದು ಮೋಟಾರು ವಾಹನ ಕಾಯ್ದೆಯ 194ಬಿ ಕಲಮೂ ಹೇಳುತ್ತದೆ, ತಪ್ಪಿದರೆ 1,000 ರೂಪಾಯಿ ದಂಡ.

ಮಕ್ಕಳ ಸೀಟಿನ ಮೇಲೆ ಸುರಕ್ಷತಾ ಮಾನದಂಡದ ಗುರುತಾದ ಆರ್44 ಅಥವಾ ಆರ್129 ಎಂಬ ಕಿತ್ತಳೆ ಬಣ್ಣದ ಚೀಟಿ ಇದೆಯೇ ನೋಡಿ. ಹಿಂದಿನ ಸೀಟಿನಲ್ಲಿ, ಕೂಸಿನ ಮುಖ ಗಾಡಿಯ ಹಿಂಬದಿಗೆ ಬರುವಂತೆ ಕೂರಿಸಿ. ಕನಿಷ್ಠ 15 ತಿಂಗಳವರೆಗೆ ಹೀಗೇ ಇರಲಿ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಹೀಗೆ ಎಂದೂ ಇಡಬೇಡಿ. ಬೆಲ್ಟು ಹಾಯುವ ಜಾಗದಲ್ಲಿ ಸೀಟನ್ನು ಹಿಡಿದು ಅಲುಗಿಸಿದರೆ ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ಪಟ್ಟಿ ಭುಜದ ಮಟ್ಟದಲ್ಲಿ ಅಥವಾ ಕೆಳಗೆ ಬರಬೇಕು, ಬೆರಳಿನಲ್ಲಿ ಚಿವುಟಿದರೆ ಸಿಗದಷ್ಟು ಬಿಗಿಯಾಗಿರಬೇಕು. ಸೆಕೆಂಡ್ ಹ್ಯಾಂಡ್ ಸೀಟು ಅಪಘಾತ ಕಂಡಿಲ್ಲವೆಂದು ನೆಂಟರೇ ಖಾತ್ರಿ ಹೇಳಿದರೆ ಮಾತ್ರ ತಗೊಳ್ಳಿ. ಮನೆ ಸೇರಿದ ಮೇಲೆ ಕೂಸನ್ನು ಅದರಲ್ಲೇ ನಿದ್ದೆಗೆ ಬಿಡಬಾರದು, ಜೋಲಿಯ ಹಾಗೇ ಗದ್ದ ಎದೆಗೆ ಬಾಗುತ್ತದೆ. ಬೈಕಿನಲ್ಲಿ 4 ವರ್ಷದೊಳಗಿನ ಮಕ್ಕಳಿಗೆ ಪಟ್ಟಿ ಬೇಕೆಂದು ನಿಯಮವಿದೆ, ಹೆಲ್ಮೆಟಿನ ನಿಯಮ ಹೇಳಿರುವುದು 9 ತಿಂಗಳಿಂದ 4 ವರ್ಷದವರಿಗೆ. ಎಳೆಗೂಸನ್ನು ಬೈಕಿನಲ್ಲಿ ಕರೆದೊಯ್ಯಲೇಬೇಡಿ.

ಪ್ರಶ್ನೆ: ಬೇಗ ನಡೆಯಲಿ ಎಂದು ವಾಕರ್ ಉಡುಗೊರೆ ಕೊಡೋಣ ಎಂದಿದ್ದೇವೆ. ಎಷ್ಟು ತಿಂಗಳಿಗೆ ಸರಿ?
— ಹೊನ್ನಾಳಿಯ ಓದುಗರು

ಯಾವ ತಿಂಗಳಿಗೂ ಅಲ್ಲ. ವಾಕರಿನಿಂದ ನಡಿಗೆ ಬೇಗ ಬರುವುದಿಲ್ಲ, ತಡವಾಗಬಹುದು. ಮೆಟ್ಟಿಲು, ಹೊಸ್ತಿಲು, ಬಿಸಿ ಸಾರಿನ ಪಾತ್ರೆ ಎಲ್ಲವೂ ಅದರ ಚಕ್ರಕ್ಕೆ ಕ್ಷಣದ ದೂರ. ಕೆನಡಾ 2004ರಲ್ಲೇ ಅದರ ಮಾರಾಟ ನಿಲ್ಲಿಸಿತು. ಅದೇ ದುಡ್ಡಿಗೆ ನೆಲಕ್ಕೆ ಹಾಸುವ ದಪ್ಪ ಚಾಪೆ, ಐಎಸ್‌ಐ ಗುರುತಿನ ಒಂದೆರಡು ಗಟ್ಟಿ ಆಟಿಕೆ ಕೊಡಿ. ಆ ಗುರುತು 2021ರ ಜನವರಿ 1ರಿಂದ ಹೆಚ್ಚಿನ ಆಟಿಕೆಗಳಿಗೆ ಕಡ್ಡಾಯ. ಬ್ಯಾಟರಿ ಇದ್ದರೆ ಅದರ ಮುಚ್ಚಳ ಸ್ಕ್ರೂ ಬಿಚ್ಚದೆ ತೆರೆಯಬಾರದು: ಗುಂಡಿಯಂಥ ಪುಟ್ಟ ಬ್ಯಾಟರಿ ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡುತ್ತದೆ.