ಹೊಸ ಪಿಕ್ಸೆಲ್‌ಗೆ ಕಾಯುವುದೇ?

ಗೂಗಲ್‌ನ ಪಿಕ್ಸೆಲ್ 10ರ ನಂತರದ ಫೋನ್ ಯಾವಾಗ ಬರುತ್ತದೆ, ಸೋರಿಕೆಯಾಗುತ್ತಿರುವ ಬೆಲೆಯನ್ನು ನಂಬಬಹುದೇ ಎಂದು ಕೇಳಿದ್ದೀರಿ. ತಿಂಗಳನ್ನು ಊಹಿಸಬಹುದು, ಬೆಲೆ ಮಾತ್ರ ಕಷ್ಟ.

ಪಿಕ್ಸೆಲ್ 8 ಪ್ರಕಟವಾದದ್ದು 2023ರ ಅಕ್ಟೋಬರ್‌ನಲ್ಲಿ. ಮರುವರ್ಷ ಪಿಕ್ಸೆಲ್ 9ಕ್ಕೆ ಗೂಗಲ್ ಏಕಾಏಕಿ ಆಗಸ್ಟ್‌ಗೆ ಜಿಗಿಯಿತು. ಪಿಕ್ಸೆಲ್ 10 ಕೂಡ 2025ರ ಆಗಸ್ಟ್‌ನಲ್ಲೇ ಬಂತು. ಆದ್ದರಿಂದ ನನ್ನ ಎಣಿಕೆಯೂ ಆಗಸ್ಟೇ. ಆದರೆ ಪ್ರಕಟಣೆಯೇ ಬೇರೆ, ಮಾರಾಟವೇ ಬೇರೆ: 9ರ ಸರಣಿಯಲ್ಲಿ ಮೂಲ ಮಾದರಿ ಆಗಸ್ಟ್‌ನಲ್ಲೇ ಅಂಗಡಿಗೆ ಬಂದರೂ ದುಬಾರಿ ‘ಪ್ರೊ’ ಮಾದರಿಗಳಲ್ಲಿ ಚಿಕ್ಕದು ಸೆಪ್ಟೆಂಬರ್‌ವರೆಗೆ ಕಾಯಿಸಿತು.

ಇನ್ನು ಬೆಲೆ. ಅಮೆರಿಕದಲ್ಲಿ ಪಿಕ್ಸೆಲ್ 7ಕ್ಕೆ 599 ಡಾಲರ್, 8ಕ್ಕೆ 699, 9ಕ್ಕೆ 799. 10 ಅಲ್ಲಿಯೇ ನಿಂತಿತು. ಈ ಬಾರಿಯೂ ಏರುವುದಿಲ್ಲ ಎನ್ನುವವರ ಮಾತಿಗೆ ನಾನು ಕಿವಿಗೊಡುವುದಿಲ್ಲ. ಎಐ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ರ್‍ಯಾಮ್ ದುಬಾರಿಯಾಗಿದೆ. ಮೂಲ ಬೆಲೆಯನ್ನು ಮುಟ್ಟದೆ, ಹೆಚ್ಚು ಸಂಗ್ರಹವಿರುವ ಮಾದರಿಗಳ ಮೇಲೆ ಹೊರೆ ಹೊರಿಸುವ ಜಾಣತನವನ್ನೂ ಕಂಪನಿಗಳು ಬಲ್ಲವು.

ಸೋರಿಕೆಗಳಲ್ಲಿ ನಾನು ನೆಚ್ಚುವುದು ಫೋನ್‌ಗಳಂಥ ರೇಡಿಯೊ ಸಾಧನಗಳಿಗೆ ಮಾರಾಟಕ್ಕೆ ಮುನ್ನ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಸಿಸಿಯ ದಾಖಲೆಯನ್ನು. ಮಾದರಿ ಸಂಖ್ಯೆ, ತರಂಗಾಂತರಗಳು ಅಲ್ಲಿ ಕಂಡವೆಂದರೆ ಬಿಡುಗಡೆ ಹತ್ತಿರವಾಯಿತೆಂದೇ ಲೆಕ್ಕ. ಬೆಲೆ ಅದರಲ್ಲಿ ಇರುವುದಿಲ್ಲ. ಆ ದಾಖಲೆಯನ್ನು ತೋರಿಸಿ ಬೆಲೆ ಹೇಳುವವರು ಗಾಳಿಗೆ ಗುದ್ದುತ್ತಿದ್ದಾರೆ.

ನಿಮ್ಮ ಈಗಿನ ಫೋನ್‌ಗೆ ಭದ್ರತಾ ಅಪ್‌ಡೇಟ್‌ಗಳು ಇನ್ನೂ ಬರುತ್ತಿದ್ದು ಬ್ಯಾಟರಿ ಮಾತ್ರ ಸೊರಗಿದ್ದರೆ, ಬ್ಯಾಟರಿ ಬದಲಿಸಿ ಕಾಯಿರಿ. ಅಪ್‌ಡೇಟ್ ನಿಂತುಹೋಗಿದ್ದರೆ ಕಾಯುವುದು ಬೇಡ, 10ನ್ನೇ ಕೊಳ್ಳಿ.