ನಾಲ್ಕು ನಾಯಿಗೂ ಒಂದೇ ‘ಕಮ್’ ಆದರೆ ಹೇಗೆ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಅಮೆರಿಕನ್ ಕೆನಲ್ ಕ್ಲಬ್ ನಿಯಮದ ಒಬೀಡಿಯನ್ಸ್ (ನಾಯಿ ಹೇಳಿದ ಮಾತು ಕೇಳುವ) ಸ್ಪರ್ಧೆಯ ಟೀಮ್ ಕ್ಲಾಸಿಗೆ ನಾಲ್ವರು ಸ್ನೇಹಿತರು ಸೇರಿದ್ದೇವೆ. ನನ್ನ ಲ್ಯಾಬ್ರಡಾರ್ ಒಬ್ಬನೇ ಇದ್ದಾಗ 200ಕ್ಕೆ 190ರ ಮೇಲೆ ತೆಗೆಯುತ್ತಾನೆ. ಟೀಮಿನಲ್ಲಿ ಮಾತ್ರ ಪಕ್ಕದವರು ಅವರ ನಾಯಿ ಕರೆದರೆ ಇವನೂ ಎದ್ದು ಓಡುತ್ತಾನೆ. ಏನು ಮಾಡಲಿ?

ಉತ್ತರ: ನಾಯಿ ತಪ್ಪು ಮಾಡಿಲ್ಲ ಸ್ವಾಮಿ. ‘ಕಮ್’ ಅಂತ ಕೇಳಿದರೆ ಓಡಿ ಬರಬೇಕು ಅಂತ ನೀವೇ ಕಲಿಸಿದ್ದು. ಯಾರು ಕರೆದರೆ ಬರಬೇಕು ಅನ್ನೋದನ್ನು ಕಲಿಸಿಲ್ಲ, ಅಷ್ಟೇ.

ಡ್ರಾಪ್ ಆನ್ ರಿಕಾಲ್, ಅಂದರೆ ಕರೆದಾಗ ಬರುತ್ತಾ ನಡುವೆ ಮಲಗುವ ಪರೀಕ್ಷೆ, ಟೀಮಿನಲ್ಲಿ ಹೇಗೆ ನಡೆಯುತ್ತದೆ ಅಂತ ನಿಯಮದ ಪುಸ್ತಕ ತೆಗೆದು ಓದಿದ್ದೀರಾ? ನಾಲ್ಕು ನಾಯಿ ಸಾಲಾಗಿ ಕೂತಿರುತ್ತವೆ, ಎದುರಿಗೆ ನೀವು ನಾಲ್ವರು. ಜಡ್ಜ್ ಒಬ್ಬೊಬ್ಬರಿಗೇ ಸನ್ನೆ ಮಾಡುತ್ತಾರೆ. ಒಂದು ನಾಯಿ ಬರುತ್ತದೆ, ನಡುದಾರಿಯಲ್ಲಿ ಮಲಗಬೇಕು, ಉಳಿದ ಮೂರೂ ಬಂದು ಮಲಗುವ ತನಕ ಅಲ್ಲೇ ಇರಬೇಕು. ಆಮೇಲೆ ನಾಲ್ವರೂ ಒಟ್ಟಿಗೆ ಕರೆಯುತ್ತೀರಿ. ಅಂದರೆ ಮೊದಲ ನಾಯಿಗೆ ಮಲಗಿ ಕಾಯುವ ತಾಳ್ಮೆ ಬೇಕು, ಕೊನೆಯದಕ್ಕೆ ಕೂತು ಕಾಯುವ ತಾಳ್ಮೆ. ಎರಡೂ ಬೇರೆ ಬೇರೆ. ಕೂತಲ್ಲೇ ಚಡಪಡಿಸುವ ನಾಯಿಯನ್ನು ಕೊನೆಗೆ ನಿಲ್ಲಿಸಿ, ಆಮೇಲೆ ಅದು ಎದ್ದು ಓಡಿತು ಅಂತ ಅತ್ತರೆ ನಾನೇನು ಮಾಡಲಿ? ನಿಮ್ಮವನನ್ನು ಮೊದಲ ಸರದಿಗೆ ಹಾಕಿ ನೋಡಿ.

ಇನ್ನು ಕರೆಯುವ ಮಾತು. ನಾಲ್ವರೂ ‘ಕಮ್’ ಅನ್ನಬೇಕು ಅಂತ ಯಾರು ಹೇಳಿದ್ದು? ಒಬ್ಬರು ‘ಬಾ’ ಅನ್ನಿ, ಇನ್ನೊಬ್ಬರು ‘ಹಿಯರ್’ ಅನ್ನಿ. ಮೊದಲು ನಾಯಿಯ ಹೆಸರು ಹೇಳಿ, ಆಮೇಲೆ ಮಾತು. ಟೀಮಿನಲ್ಲಿ ಒಂದು ಸೋನು ಒಂದು ಮೋನು ಇದ್ದರೆ ಒಂದಕ್ಕೆ ಬೇರೆ ಕೂಗು ಹೆಸರು ಇಡಿ. ತಮಾಷೆಯಲ್ಲ, ಇಂಥ ಟೀಮ್ ನಾನು ನೋಡಿದ್ದೇನೆ.

ಅಭ್ಯಾಸ ಹೀಗೆ ಮಾಡಿ: ಪಕ್ಕದವರು ಅವರ ನಾಯಿ ಕರೆಯಲಿ. ನಿಮ್ಮವನು ಕದಲದೆ ಕೂತರೆ ನೀವೇ ನಡೆದು ಹೋಗಿ ಅಲ್ಲೇ ತಿಂಡಿ ಕೊಟ್ಟು ವಾಪಸ್ ಬನ್ನಿ. ಕರೆಯಬೇಡಿ. ಹತ್ತು ಸಲ ಹೀಗೆ ಮಾಡಿದರೆ ಒಂದು ಸಲ ಕರೆಯಿರಿ, ಜಾಸ್ತಿ ಬೇಡ. ಕೂರುವ ಜಾಗದಲ್ಲೇ ಸಂಬಳ ಸಿಗುತ್ತದೆ ಅಂತ ಗೊತ್ತಾದ ನಾಯಿ ಪಕ್ಕದವರ ಕೂಗಿಗೆ ಕಿವಿ ಆಡಿಸುತ್ತದೆ, ಪೃಷ್ಠ ಎತ್ತುವುದಿಲ್ಲ.

ಮತ್ತೆ, ಒಬ್ಬರ ನಾಯಿಗೆ ಇನ್ನೊಬ್ಬರು ತಿಂಡಿ ಹಾಕಬೇಡಿ. ನನ್ನ ಚಿನ್ನಿ ಒಮ್ಮೆ ಕೊನೆಯ ಕರೆಗೆ ನೆಟ್ಟಗೆ ಓಡಿ ಹೋಗಿ ಪಕ್ಕದವರ ಮುಂದೆ ಎಷ್ಟು ಚಂದ ಕೂತಳೆಂದರೆ, ಜಡ್ಜ್ ಪಟ್ಟಿಯ ಹಾಳೆಯಲ್ಲಿ ಮುಖ ಮುಚ್ಚಿಕೊಂಡರು. ಆರು ವಾರ ಆ ಪಕ್ಕದ ಮಹಾತಾಯಿ ಪ್ರತಿ ಅಭ್ಯಾಸಕ್ಕೂ ಜೇಬಿನಲ್ಲಿ ಬೇಯಿಸಿದ ಲಿವರ್ ತಂದು ಚಿನ್ನಿಗೆ ಹಾಕುತ್ತಿದ್ದರು, ನಾನು ಸುಮ್ನೆ ನೋಡುತ್ತಾ ನಿಂತಿದ್ದೆ.

ಪ್ರಶ್ನೆ: ಫಿಗರ್ ಎಯ್ಟ್‌ನಲ್ಲಿ (ಇಂಗ್ಲಿಷ್ 8ರ ಆಕಾರದಲ್ಲಿ ನಡೆಯುವಾಗ) ನಾಯಿಗಳು ಡಿಕ್ಕಿ ಹೊಡೆಯುತ್ತವೆ.

ನಾಯಿಗಳಲ್ಲ, ನೀವು. ಎಂಟೆಂಟು ಅಡಿಗೆ ಒಬ್ಬರಂತೆ ಐದು ಜನ ನಿಂತಿರುತ್ತಾರೆ, ಪ್ರತಿ ಇಬ್ಬರ ನಡುವೆ ನಿಮ್ಮಲ್ಲೊಬ್ಬರು. ಹಾಗಾಗಿ ನಡುವಿನ ಮೂವರನ್ನು ಇಬ್ಬಿಬ್ಬರು ಹ್ಯಾಂಡ್ಲರ್‌ಗಳು (ನಾಯಿ ನಡೆಸುವವರು) ಸುತ್ತಬೇಕು. ಎಲ್ಲರೂ ಎಡಗಡೆಯಿಂದಲೇ, ಒಂದೇ ಹೆಜ್ಜೆಯಲ್ಲಿ ಹೊರಟರೆ ಯಾರೂ ಯಾರಿಗೂ ಸಿಗುವುದಿಲ್ಲ. ನಾಯಿಗಳನ್ನು ಕಾರಿನಲ್ಲಿ ಬಿಟ್ಟು, ಬಿಸಿಲಿದ್ದರೆ ಮನೆಯಲ್ಲಿ ಬಿಟ್ಟು, ನೀವು ನಾಲ್ವರೇ ಒಂದು ವಾರ ನಡೆಯಿರಿ. ನಾಚಿಕೆ ಆಗುತ್ತದೆ, ಆಗಲಿ.

ಪ್ರಶ್ನೆ: ಶಾಕ್ ಕೊಡುವ ಕಾಲರ್ ಹಾಕಿದರೆ ವಾರದಲ್ಲಿ ಸರಿಹೋಗುತ್ತದೆ ಎಂದು ಒಬ್ಬ ಟ್ರೈನರ್ ಹೇಳಿದರು.

ಆ ಟ್ರೈನರ್‌ನ ನಂಬರ್ ಅಳಿಸಿ. ಪಕ್ಕದ ನಾಯಿ ಓಡುವಾಗ ನಿಮ್ಮದಕ್ಕೆ ಶಾಕ್ ಹೊಡೆದರೆ, ಆ ನಾಯಿಯೇ ಕಚ್ಚಿತು ಅಂದುಕೊಳ್ಳುತ್ತದೆ. ಆಮೇಲೆ ಟೀಮಿನಲ್ಲಿ ಜಗಳ. ಸ್ಪರ್ಧೆಯ ಮೈದಾನದಲ್ಲಿ ಆ ಕಾಲರ್‌ಗೆ ಅವಕಾಶವೂ ಇಲ್ಲ.

ಪ್ರಶ್ನೆ: ಊರಿಂದ ತಂದ ಬೀದಿನಾಯಿ ಸೇರಬಹುದೇ?

ಧಾರಾಳವಾಗಿ. ಮಿಶ್ರತಳಿಗೆ 2010ರಿಂದಲೂ ಅವಕಾಶ ಇದೆ, ಕ್ಲಬ್ಬಿನ ಮಿಶ್ರತಳಿ ನೋಂದಣಿಯಾದ ಕೆನೈನ್ ಪಾರ್ಟ್‌ನರ್ಸ್‌ನಲ್ಲಿ ಹೆಸರು ಬರೆಸಿ.

ಪ್ರಶ್ನೆ: ಟೀಮಿಗೆ ನಾಲ್ಕು ನಾಯಿ ಸಾಕಲ್ಲ, ಬದಲಿಗೆ ಅಂತ ಐದನೇ ನಾಯಿ ಯಾಕೆ ಬೇಕು?

ಬೆದೆಗೆ ಬಂದ ಹೆಣ್ಣುನಾಯಿ ಒಬೀಡಿಯನ್ಸ್ ರಿಂಗಿಗೆ ಇಳಿಯುವ ಹಾಗಿಲ್ಲ, ಅದು ನಿಮ್ಮ ಕ್ಯಾಲೆಂಡರ್ ನೋಡಿಕೊಂಡು ಬೆದೆಗೆ ಬರುವುದೂ ಇಲ್ಲ.

ಪ್ರಶ್ನೆ: ಗೆದ್ದರೆ ನಾಯಿಯ ಹೆಸರಿನ ಜೊತೆ ಹಾಕಿಕೊಳ್ಳುವ ಟೈಟಲ್ ಸಿಗುತ್ತಾ?

ಇಲ್ಲ. ರಿಬ್ಬನ್ ಸಿಗುತ್ತದೆ.