ಹಳೇ ನೆಟ್‌ಬುಕ್‌ಗೆ ಲಿನಕ್ಸ್ ಹಾಕಿದ್ದೀರಿ, ವೈಫೈ ಬರ್ತಿಲ್ವಾ?

ಈ ಸಲ ಬಂದ ಪತ್ರಗಳಲ್ಲಿ ಹಳೇ ನೆಟ್‌ಬುಕ್‌ಗಳ ವೈಫೈ ಬಗ್ಗೆ ಕೇಳಿದವರೇ ಜಾಸ್ತಿ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಎತ್ತಿಕೊಂಡಿದ್ದೇನೆ. ಕಮಾಂಡ್‌ಗಳ ಹೆಸರನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಮಾಡಿ.

ಪ್ರಶ್ನೆ: ಹತ್ತಿಂಚಿನ ಹಳೇ ನೆಟ್‌ಬುಕ್‌ಗೆ ಡೆಬಿಯನ್ 12 ಅನ್ನೋ ಲಿನಕ್ಸ್ ಹಾಕಿದೆ. ಪರದೆ, ಸೌಂಡು, ಟಚ್‌ಪ್ಯಾಡ್ ಎಲ್ಲಾ ಸರಿಯಿದೆ. ವೈಫೈ ಮಾತ್ರ ಇಲ್ಲವೇ ಇಲ್ಲ, ನೆಟ್‌ವರ್ಕ್ ಐಕಾನ್ ಒತ್ತಿದರೆ ಆ ಸಾಲೇ ಕಾಣುವುದಿಲ್ಲ. ಕಾರ್ಡು ಬ್ರಾಡ್‌ಕಾಮ್ ಬಿಸಿಎಂ4312. ಅಲ್ಲಿ ಇಲ್ಲಿ ಓದಿದ್ದನ್ನೆಲ್ಲ ಮಾಡಿ ನೋಡಿದೆ, ಬ್ರಾಡ್‌ಕಾಮ್ ಎಸ್‌ಟಿಎ ಅನ್ನೋ ಡ್ರೈವರ್ ಪ್ಯಾಕೇಜನ್ನೂ ಹಾಕಿ ತೆಗೆದಾಯಿತು. ಸರಿಯಾದ ಡ್ರೈವರ್ ಎಲ್ಲಿ ಸಿಗುತ್ತೆ ಸರ್?

ಉತ್ತರ: ಡ್ರೈವರ್ ನಿಮ್ಮ ಹತ್ತಿರ ಆಗಲೇ ಇದೆ. ಅದರ ಹೆಸರು ಬಿ43, ಕರ್ನಲ್ (ಲಿನಕ್ಸ್‌ನ ತಿರುಳು) ಜೊತೆಗೇ ಬಂದಿರುತ್ತೆ. ನಿಮ್ಮಲ್ಲಿ ಇಲ್ಲದ್ದು ಫರ್ಮ್‌ವೇರ್. ಈ ವೈಫೈ ಚಿಪ್‌ನೊಳಗೆ ಒಂದು ಪುಟ್ಟ ಪ್ರೊಸೆಸರ್ ಇರುತ್ತೆ, ಅದಕ್ಕೆ ಬೇಕಾದ ಪ್ರೋಗ್ರಾಂ ಚಿಪ್‌ನಲ್ಲಿ ಉಳಿದಿರುವುದಿಲ್ಲ, ಪ್ರತಿ ಸಲ ಆನ್ ಆದಾಗಲೂ ಡ್ರೈವರ್ ಅದನ್ನು ಡಿಸ್ಕ್‌ನಿಂದ ತೆಗೆದು ತುಂಬಬೇಕು. ಆ ಫೈಲ್ ಸಿಗದಿದ್ದರೆ ಡ್ರೈವರ್ ಅಲ್ಲಿಗೇ ಕೈಬಿಡುತ್ತೆ. ನಿಮಗೆ ಕಾಣೋದು ‘ವೈಫೈ ಇಲ್ಲ’ ಅನ್ನೋದಷ್ಟೇ.

ಮೊದಲು ಇದನ್ನು ಕಣ್ಣಾರೆ ನೋಡಿಕೊಳ್ಳಿ. ಟರ್ಮಿನಲ್ ತೆರೆದು ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಕೊಡಿ. ಬರುವ ಉದ್ದದ ಪಟ್ಟಿಯಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಅನ್ನೋ ಸಾಲು ಹುಡುಕಿ, ಅದರ ಕೊನೆಯಲ್ಲಿ ಚೌಕ ಕಂಸದೊಳಗೆ 14ಇ4:4315 ಅಂತ ಇರಬೇಕು. ಈ ಸಂಖ್ಯೆಯೇ ಚಿಪ್‌ನ ನಿಜವಾದ ಗುರುತು. ಒಂದೇ ಹೆಸರಿನ ನೆಟ್‌ಬುಕ್‌ಗಳಲ್ಲೂ ಬೇರೆ ಬೇರೆ ಚಿಪ್ ಹಾಕಿ ಮಾರಿದ್ದಾರೆ, ಆದ್ದರಿಂದ ನೆಟ್‌ಬುಕ್ ಹೆಸರು ಹಿಡಿದು ಪರಿಹಾರ ಹುಡುಕಿದರೆ ಸುಮ್ನೆ ದಾರಿ ತಪ್ಪುತ್ತೀರಿ. ಅದೇ ಸಾಲಿನ ಕೆಳಗೆ ‘ಬಳಕೆಯಲ್ಲಿರುವ ಡ್ರೈವರ್: ಬಿ43-ಪಿಸಿಐ-ಬ್ರಿಡ್ಜ್’ ಅನ್ನೋ ಅರ್ಥದ ಇಂಗ್ಲಿಷ್ ಸಾಲು ಇದ್ದರೆ ಡ್ರೈವರ್ ಕೆಲಸ ಮಾಡ್ತಿದೆ ಅಂದುಕೊಳ್ಳಬೇಡಿ. ಬ್ರಿಡ್ಜ್ ಕಾರ್ಡನ್ನು ಹಿಡಿದುಕೊಂಡಿದೆ ಅಂತ ಅಷ್ಟೇ ಅದರ ಅರ್ಥ. ಫರ್ಮ್‌ವೇರ್ ಇಲ್ಲದಿದ್ದರೂ ಆ ಸಾಲು ಬರುತ್ತೆ, ತುಂಬಾ ಜನ ಇಲ್ಲೇ ಮೋಸ ಹೋಗ್ತಾರೆ.

ನಿಜ ಸಂಗತಿ ಹೇಳೋದು ಕರ್ನಲ್‌ನ ಲಾಗ್. ‘ಸುಡೊ ಡಿಮೆಸೇಜ್’ ಅಂತ ಕನ್ನಡದಲ್ಲಿ ಓದಿಕೊಳ್ಳಬಹುದಾದ ಆ ಕಮಾಂಡನ್ನು, ಅಂದರೆ ಡಿ-ಎಂ-ಇ-ಎಸ್-ಜಿ ಐದಕ್ಷರವನ್ನು, ಸುಡೊ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಜೊತೆಗೇ ಕೊಡಿ. ಡೆಬಿಯನ್‌ನಲ್ಲಿ ಸಾಮಾನ್ಯ ಬಳಕೆದಾರರಿಗೆ ಅದನ್ನು ಓದಲು ಬಿಡುವುದಿಲ್ಲ. ಅದರಲ್ಲಿ ಬಿ43 ಇರುವ ಸಾಲುಗಳನ್ನು ಹುಡುಕಿ. ‘ಬಿ43/ಯುಕೋಡ್15.ಎಫ್‌ಡಬ್ಲ್ಯು’ ಅನ್ನೋ ಫೈಲ್ ಸಿಗಲಿಲ್ಲ ಅನ್ನುವ ಎರರ್ ಇದ್ದರೆ ರೋಗ ಗೊತ್ತಾಯಿತು.

ಡೆಬಿಯನ್ 12 ಬಂದದ್ದು 2023ರ ಜೂನ್‌ನಲ್ಲಿ, ಮುಕ್ತವಲ್ಲದ ಫರ್ಮ್‌ವೇರ್‌ಗಳನ್ನೂ ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಸೇರಿಸಿ ಕೊಡೋದು ಶುರುವಾದದ್ದು ಅದರಿಂದಲೇ. ಹಾಗಿದ್ದ ಮೇಲೆ ಇದು ಯಾಕೆ ಬರಲಿಲ್ಲ ಅಂತ ನೀವು ಕೇಳಬಹುದು. ಬ್ರಾಡ್‌ಕಾಮ್‌ನ ಈ ಹಳೇ ಫರ್ಮ್‌ವೇರನ್ನು ಬೇರೆಯವರು ಹಂಚುವಂತಿಲ್ಲ, ಪರವಾನಗಿ ಹಾಗಿದೆ. ಅದಕ್ಕೇ ಡೆಬಿಯನ್‌ನವರು ‘ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್’ ಅನ್ನೋ ಪ್ಯಾಕೇಜ್ ಕೊಟ್ಟಿದ್ದಾರೆ. ಅದು ನಿಮ್ಮ ಯಂತ್ರದಲ್ಲಿ ಇನ್‌ಸ್ಟಾಲ್ ಆಗುವ ಹೊತ್ತಿಗೆ ಹಳೇ ಡ್ರೈವರ್ ಫೈಲನ್ನು ಇಂಟರ್ನೆಟ್‌ನಿಂದ ಇಳಿಸಿಕೊಂಡು, ಅದರೊಳಗಿಂದ ಫರ್ಮ್‌ವೇರ್ ಭಾಗವನ್ನು ಕತ್ತರಿಸಿ ತೆಗೆಯುತ್ತೆ. ಅಂದರೆ ಈ ಪ್ಯಾಕೇಜನ್ನು ಬೇರೆ ಕಂಪ್ಯೂಟರ್‌ನಲ್ಲಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ತಂದು ಹಾಕಿದರೆ ಪ್ರಯೋಜನವಿಲ್ಲ, ಇನ್‌ಸ್ಟಾಲ್ ಮಾಡುವಾಗ ನೆಟ್ ಇರಲೇಬೇಕು.

ವೈಫೈ ಇಲ್ಲದೆ ನೆಟ್ ಎಲ್ಲಿಂದ ತರೋದು ಅಂದ್ರೆ, ನೆಟ್‌ವರ್ಕ್ ಕೇಬಲ್ ಇದ್ದರೆ ರೂಟರ್‌ಗೆ ನೇರವಾಗಿ ಸಿಕ್ಕಿಸಿ. ಇಲ್ಲದಿದ್ದರೆ ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಲ್ಲೇ ನೆಟ್‌ಬುಕ್‌ಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ವೈರ್ಡ್ ಕನೆಕ್ಷನ್ ಅಂತಲೇ ತಗೊಳ್ಳುತ್ತೆ, ಅದಕ್ಕೆ ಬೇಕಾದ ಡ್ರೈವರ್ ಕರ್ನಲ್‌ನಲ್ಲೇ ಇದೆ, ಫರ್ಮ್‌ವೇರ್ ಏನೂ ಬೇಡ. ಕೇಬಲ್ ಡೇಟಾ ಹಾಯಿಸುವಂಥದ್ದಾಗಿರಬೇಕು ಅಷ್ಟೇ, ಬರೀ ಚಾರ್ಜ್ ಮಾಡುವ ಕೇಬಲ್‌ನಲ್ಲಿ ಆಗಲ್ಲ. ಹಳೇ ನೆಟ್‌ಬುಕ್ ಇರುವ ಪ್ರತಿಯೊಬ್ಬರೂ ಇದೊಂದನ್ನು ತಿಳಿದುಕೊಂಡಿರಬೇಕು ಅಂತ ನನಗೆ ತುಂಬಾ ಅನಿಸುತ್ತೆ, ಯಾಕಂದ್ರೆ ಅರ್ಧಕ್ಕರ್ಧ ಜನ ನೆಟ್ ತರೋಕೆ ನೆಟ್ ಬೇಕಲ್ಲ ಅಂತ ಇಲ್ಲಿಗೇ ಬಿಟ್ಟುಬಿಡ್ತಾರೆ.

ನೆಟ್ ಬಂದ ಮೇಲೆ ‘ಇಟಿಸಿ’ ಫೋಲ್ಡರ್‌ನೊಳಗಿನ ‘ಎಪಿಟಿ’ಯಲ್ಲಿರುವ ‘ಸೋರ್ಸಸ್.ಲಿಸ್ಟ್’ ಫೈಲ್ ತೆರೆದು, ಮೇನ್ ಅನ್ನೋ ಪದ ಇರುವ ಸಾಲುಗಳಿಗೆ ‘ಕಾಂಟ್ರಿಬ್’ ಸೇರಿಸಿ. ಈ ಪ್ಯಾಕೇಜ್ ಇರೋದು ಆ ವಿಭಾಗದಲ್ಲಿ. ಆಮೇಲೆ ಎಪಿಟಿ (ಪ್ಯಾಕೇಜ್ ಹಾಕುವ, ತೆಗೆಯುವ ಕಮಾಂಡ್) ಬಳಸಿ ‘ಎಪಿಟಿ ಅಪ್‌ಡೇಟ್’ ಮಾಡಿ ಪ್ಯಾಕೇಜ್ ಹಾಕಿ.

ಇಷ್ಟು ಮಾಡಿದರೂ ನಿಮ್ಮ ನೆಟ್‌ಬುಕ್‌ನಲ್ಲಿ ವೈಫೈ ಬರದೇ ಇರಬಹುದು. ಕಾರಣ ನೀವು ಹಾಕಿ ತೆಗೆದ ಆ ಎಸ್‌ಟಿಎ ಪ್ಯಾಕೇಜ್. ಅದು ಇನ್‌ಸ್ಟಾಲ್ ಆಗುವಾಗ ಬಿ43, ಎಸ್‌ಎಸ್‌ಬಿ ಮೊದಲಾದ ಮಾಡ್ಯೂಲ್‌ಗಳನ್ನು (ಕರ್ನಲ್‌ಗೆ ಸೇರಿಕೊಳ್ಳುವ ಡ್ರೈವರ್ ತುಣುಕುಗಳನ್ನು) ಲೋಡ್ ಮಾಡಬೇಡ ಅಂತ ‘ಮಾಡ್‌ಪ್ರೋಬ್.ಡಿ’ ಫೋಲ್ಡರ್‌ನಲ್ಲಿ ಒಂದು ಬ್ಲ್ಯಾಕ್‌ಲಿಸ್ಟ್ ಫೈಲ್ ಇಡುತ್ತೆ. ಎಪಿಟಿಯಲ್ಲಿ ‘ರಿಮೂವ್’ ಕೊಟ್ಟರೆ ಪ್ಯಾಕೇಜ್ ಹೋಗುತ್ತೆ, ಸೆಟ್ಟಿಂಗ್ಸ್ ಫೈಲ್ ಅಲ್ಲೇ ಉಳಿಯುತ್ತೆ. ಅದಕ್ಕೇ ‘ಪರ್ಜ್’ ಕೊಡಬೇಕು. ಪರ್ಜ್ ಮಾಡಿ, ಆ ಫೋಲ್ಡರ್‌ನಲ್ಲಿ ಬ್ರಾಡ್‌ಕಾಮ್ ಹೆಸರಿನ ಫೈಲ್ ಏನಾದರೂ ಉಳಿದಿದೆಯಾ ನೋಡಿ, ಇದ್ದರೆ ಅಳಿಸಿ ರೀಸ್ಟಾರ್ಟ್ ಮಾಡಿ. ಲಾಗ್‌ನಲ್ಲಿ ಫರ್ಮ್‌ವೇರ್ ಲೋಡ್ ಆಗ್ತಿದೆ ಅನ್ನೋ ಸಾಲು ಬಂದರೆ ಗೆದ್ದಿರಿ.

ಎಸ್‌ಟಿಎ ಡ್ರೈವರ್ ಈ ಚಿಪ್‌ಗೆ ನಡೆಯುತ್ತೆ, ಇಲ್ಲ ಅನ್ನಲ್ಲ. ಆದರೆ ಬ್ರಾಡ್‌ಕಾಮ್ ಅದರ ಕೊನೆಯ ಆವೃತ್ತಿ ಕೊಟ್ಟದ್ದು 2015ರಲ್ಲಿ. ಅಲ್ಲಿಂದೀಚೆಗೆ ಹೊಸ ಕರ್ನಲ್‌ಗಳಿಗೆ ಅದನ್ನು ತೇಪೆ ಹಾಕಿ ಹೊಂದಿಸುತ್ತಿರುವವರು ಲಿನಕ್ಸ್ ಹಂಚಿಕೆದಾರರು. ಕರ್ನಲ್ ಬದಲಾದಾಗಲೆಲ್ಲ ಅದು ನಿಮ್ಮ ಯಂತ್ರದಲ್ಲೇ ಮತ್ತೆ ಕಂಪೈಲ್ ಆಗಬೇಕು, ಆಟಂ ಪ್ರೊಸೆಸರ್‌ನಲ್ಲಿ ಅದು ನಿಧಾನ, ಕಂಪೈಲ್‌ಗೆ ಬೇಕಾದ ಕರ್ನಲ್ ಹೆಡರ್ಸ್ ಪ್ಯಾಕೇಜ್ ಇಲ್ಲದಿದ್ದರೆ ಆಗೋದೇ ಇಲ್ಲ. 4312ಕ್ಕೆ ಬಿ43ಯೇ ವಾಸಿ.

ಪ್ರಶ್ನೆ: ನನ್ನದು ಆಸುಸ್ ಇಇಇ ಪಿಸಿ. ನೀವು ಹೇಳೋ ಪಟ್ಟಿಯಲ್ಲಿ ವೈಫೈ ಕಾರ್ಡೇ ಕಾಣಲ್ಲ. ಹೋದ ವಾರ ಇತ್ತು. ಕಾರ್ಡ್ ಸುಟ್ಟುಹೋಗಿರಬಹುದಾ?

ಉತ್ತರ: ಅಷ್ಟು ಬೇಗ ಹಾಗೆ ತೀರ್ಮಾನ ಮಾಡಬೇಡಿ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಬಟನ್ ಒತ್ತಿದರೆ ರೇಡಿಯೋ ಮಾತ್ರ ಆಫ್ ಆಗುತ್ತೆ, ಕಾರ್ಡ್ ಪಟ್ಟಿಯಲ್ಲಿ ಇದ್ದೇ ಇರುತ್ತೆ. ಇಇಇ ಪಿಸಿಗಳಲ್ಲಿ ಎಫ್‌ಎನ್ ಮತ್ತು ಎಫ್2 ಒಟ್ಟಿಗೆ ಒತ್ತಿದರೆ ಕಾರ್ಡೇ ಸಿಸ್ಟಂನಿಂದ ಕಳಚಿಕೊಳ್ಳುತ್ತೆ, ಆಗ ಪಟ್ಟಿಯಲ್ಲಿ ಹುಡುಕಿದರೂ ಸಿಗಲ್ಲ. ಕೈತಪ್ಪಿ ಒತ್ತಿರಬಹುದು. ಇನ್ನೊಂದು ಸಲ ಒತ್ತಿ, ನೀಲಿ ದೀಪ ಬಂತಾ ನೋಡಿ. ಬರದಿದ್ದರೆ ರೀಸ್ಟಾರ್ಟ್ ಮಾಡುವಾಗ ಬಯೋಸ್‌ಗೆ (ಯಂತ್ರ ಶುರುವಾಗುವಾಗಿನ ಸೆಟ್ಟಿಂಗ್ಸ್‌ಗೆ) ಹೋಗಿ, ಅಲ್ಲಿ ಆನ್‌ಬೋರ್ಡ್ ಡಬ್ಲ್ಯುಲ್ಯಾನ್ ಅನ್ನೋದು ಎನೇಬಲ್ ಆಗಿದೆಯಾ ಅಂತ ಖಚಿತಪಡಿಸಿಕೊಳ್ಳಿ.

ಆಮೇಲೆ ‘ಆರ್‌ಎಫ್‌ಕಿಲ್ ಲಿಸ್ಟ್’ ಕೊಡಿ. ಕಮಾಂಡೇ ಇಲ್ಲ ಅಂತ ಬಂದರೆ ಗಾಬರಿ ಬೇಡ, ಡೆಬಿಯನ್‌ನಲ್ಲಿ ಅದು ಎಸ್‌ಬಿನ್ ಫೋಲ್ಡರ್‌ನಲ್ಲಿದೆ, ಸುಡೊ ಹಾಕಿದರೆ ಸಿಗುತ್ತೆ. ಅದರಲ್ಲಿ ಎರಡು ಸಾಲು ಮುಖ್ಯ. ಸಾಫ್ಟ್ ಬ್ಲಾಕ್ ‘ಯೆಸ್’ ಇದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಆಲ್’ ಸಾಕು. ಹಾರ್ಡ್ ಬ್ಲಾಕ್ ‘ಯೆಸ್’ ಇದ್ದರೆ ಯಾವ ಕಮಾಂಡಿಗೂ ಅದು ಬಗ್ಗಲ್ಲ, ಯಂತ್ರದ ಮೇಲಿನ ಸ್ವಿಚ್ ಅಥವಾ ಬಯೋಸ್‌ನಲ್ಲೇ ಬದಲಿಸಬೇಕು. ಡ್ರೈವರ್ ಬಗ್ಗೆ ನಿಮಗೆ ಚಿಂತೆ ಬೇಡ. 701ರಂಥ ಹಳೇ ಮಾಡೆಲ್‌ಗಳ ಅಥೆರಾಸ್ ಚಿಪ್‌ಗೆ ಎಟಿಎಚ್5ಕೆ ಡ್ರೈವರ್ ಕರ್ನಲ್‌ನಲ್ಲೇ ಇದೆ, ಫರ್ಮ್‌ವೇರ್ ಕೂಡ ಬೇಡ. 901ರಲ್ಲಿರುವುದು ರಾಲಿಂಕ್, ಅದಕ್ಕೆ ‘ಫರ್ಮ್‌ವೇರ್-ಮಿಸ್ಕ್-ನಾನ್‌ಫ್ರೀ’ ಪ್ಯಾಕೇಜ್ ಬೇಕು.

ಪ್ರಶ್ನೆ: ಡ್ರೈವರ್ ಬಂತು, ಪಕ್ಕದ ಮನೆಯವರ ನೆಟ್‌ವರ್ಕ್‌ಗಳೆಲ್ಲ ಕಾಣ್ತವೆ, ನಮ್ಮದೇ ಕಾಣಲ್ಲ! ಫೋನಿನಲ್ಲಿ ಮಾತ್ರ ಸರಿಯಾಗಿ ಬರುತ್ತೆ. ಇದೇನು ವಿಚಿತ್ರ?

ಉತ್ತರ: ನಿಮ್ಮ ರೂಟರ್ 5 ಗಿಗಾಹರ್ಟ್ಜ್‌ನಲ್ಲಿ ಮಾತ್ರ ಪ್ರಸಾರ ಮಾಡುತ್ತಿರಬಹುದು. ನೆಟ್‌ಬುಕ್‌ಗಳಲ್ಲಿ ಬಂದ ಕಾರ್ಡ್‌ಗಳಲ್ಲಿ ಹೆಚ್ಚಿನವು 2.4 ಮಾತ್ರ ಕೇಳಿಸಿಕೊಳ್ಳುತ್ತವೆ. ರೂಟರ್‌ನಲ್ಲಿ 2.4 ಆನ್ ಮಾಡಿ, ಅದಕ್ಕೆ ಬೇರೆ ಹೆಸರು ಕೊಟ್ಟರೆ ಗೊಂದಲವೂ ಇರಲ್ಲ. ಅದು ಆಗಲೇ ಆನ್ ಇದ್ದರೆ ಚಾನೆಲ್ ನೋಡಿ, 12 ಅಥವಾ 13ರಲ್ಲಿದ್ದರೆ ಹಳೇ ಕಾರ್ಡ್‌ಗಳಿಗೆ ಕಾಣದೇ ಹೋಗೋದುಂಟು, 1, 6, 11ರಲ್ಲಿ ಯಾವುದಾದರೂ ಒಂದಕ್ಕೆ ಬದಲಿಸಿ. ರೂಟರನ್ನು ‘ಎನ್ ಮಾತ್ರ’ ಅನ್ನೋ ವೈಫೈ ಆಯ್ಕೆಯಲ್ಲಿಟ್ಟಿದ್ದರೆ ಅದನ್ನೂ ತೆಗೆಯಿರಿ, ಬಿಸಿಎಂ4312, ಅಥೆರಾಸ್‌ನ ಎಆರ್2425 ಇವೆಲ್ಲ ಎನ್‌ಗಿಂತ ಹಿಂದಿನ ಬಿ ಮತ್ತು ಜಿ ಕಾಲದವು.

ನೆಟ್‌ವರ್ಕ್ ಕಂಡು, ಪಾಸ್‌ವರ್ಡ್ ಸರಿಯಿದ್ದೂ ಮತ್ತೆ ಮತ್ತೆ ಕೇಳುತ್ತಿದ್ದರೆ ರೂಟರ್‌ನ ಭದ್ರತಾ ವಿಧಾನ ಡಬ್ಲ್ಯುಪಿಎ3ಯಲ್ಲಿ ಇದೆಯೋ ಏನೋ. ಹಳೇ ಕಾರ್ಡ್‌ಗಳಲ್ಲಿ ಬಹಳಷ್ಟಕ್ಕೆ ಅದು ಆಗಿಬರಲ್ಲ, ಡಬ್ಲ್ಯುಪಿಎ2 ಇಡಿ. ಅದಕ್ಕಿಂತ ಕೆಳಗಿನ ಡಬ್ಲ್ಯುಇಪಿಗೆ ಮಾತ್ರ ಯಾವ ಕಾರಣಕ್ಕೂ ಇಳಿಯಬೇಡಿ, ಅದನ್ನು ಮುರಿಯೋದು ನಿಮಿಷಗಳ ಕೆಲಸ. ಇನ್ನು ಕನೆಕ್ಟ್ ಆಗಿ ಆಗಾಗ ಕಡಿದುಹೋಗುತ್ತಿದ್ದರೆ ಪವರ್ ಸೇವಿಂಗ್ ಆಫ್ ಮಾಡಿ ನೋಡಿ. ನೆಟ್‌ವರ್ಕ್ ಮ್ಯಾನೇಜರ್‌ನ ಸೆಟ್ಟಿಂಗ್ಸ್ ಫೈಲ್‌ನಲ್ಲಿ ಕನೆಕ್ಷನ್ ವಿಭಾಗದ ಕೆಳಗೆ ‘ವೈಫೈ.ಪವರ್‌ಸೇವ್ = 2’ ಅಂತ ಬರೆದರೆ ಆಯಿತು. ಇಲ್ಲಿ 2 ಅಂದರೆ ಆಫ್, 3 ಅಂದರೆ ಆನ್.

ಪ್ರಶ್ನೆ: ಆಟಂ ಎನ್270 ಇರೋ ನೆಟ್‌ಬುಕ್‌ಗೆ ಈಗ ಯಾವ ಲಿನಕ್ಸ್ ಹಾಕೋದು?

ಉತ್ತರ: ಎನ್270 ಬರೀ 32 ಬಿಟ್‌ನದು, ಅದೇ ಈಗ ದೊಡ್ಡ ತೊಡಕು. ಉಬುಂಟು 17.10ರಿಂದಲೇ 32 ಬಿಟ್ ಡೆಸ್ಕ್‌ಟಾಪ್ ನಿಲ್ಲಿಸಿತು. 2025ರಲ್ಲಿ ಬಂದ ಡೆಬಿಯನ್ 13ಕ್ಕೂ 32 ಬಿಟ್ ಇನ್‌ಸ್ಟಾಲರ್ ಇಲ್ಲ, ಕರ್ನಲ್ ಇಲ್ಲ. ಆದ್ದರಿಂದ ಡೆಬಿಯನ್ 12ರ 32 ಬಿಟ್ ಆವೃತ್ತಿ ಹಾಕಿ, ಅಥವಾ ಅದನ್ನೇ ಆಧರಿಸಿದ ಎಂಎಕ್ಸ್ 23. ನನ್ನ ಒಲವು ಆಂಟಿಎಕ್ಸ್ ಕಡೆಗೆ, 1 ಜಿಬಿ ರ‍್ಯಾಮ್‌ನಲ್ಲೂ ಹಗುರಾಗಿ ಓಡುತ್ತೆ. ಎನ್450 ಅಥವಾ ಅದರ ನಂತರದ್ದಾದರೆ 64 ಬಿಟ್ ನಡೆಯಬಹುದು, ಮೊದಲು ‘ಎಲ್‌ಎಸ್‌ಸಿಪಿಯು’ ಕೊಟ್ಟು ನೋಡಿಕೊಳ್ಳಿ.

ಪ್ರಶ್ನೆ: ಇಷ್ಟೆಲ್ಲ ಒದ್ದಾಡುವ ಬದಲು ಒಂದು ಯುಎಸ್‌ಬಿ ವೈಫೈ ಡಾಂಗಲ್ ಸಿಕ್ಕಿಸಿದರೆ ಮುಗೀತಲ್ವಾ?

ಉತ್ತರ: ಮುಗಿಯುತ್ತೆ, ಒಳಗಿನ ಚಿಪ್ ಸರಿಯಾಗಿದ್ದರೆ. ಡಾಂಗಲ್ ಮೇಲಿನ ಹೆಸರು ನಂಬಬೇಡಿ, ಒಂದೇ ಮಾಡೆಲ್‌ನ ‘ವಿ1’ ಮತ್ತು ‘ವಿ2’ ಒಳಗೆ ಬೇರೆ ಬೇರೆ ಚಿಪ್ ಇರೋದು ಮಾಮೂಲು. ಅಥೆರಾಸ್‌ನ ಎಆರ್9271 ಚಿಪ್ ಇರುವುದು ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ಅದರ ಡ್ರೈವರ್ ಕರ್ನಲ್‌ನಲ್ಲಿದೆ, ಫರ್ಮ್‌ವೇರ್‌ನ ಸೋರ್ಸ್ ಕೂಡ ಮುಕ್ತವಾಗಿದೆ. ಹೊಸ ಡಾಂಗಲ್‌ಗಳಲ್ಲಿ ಕೆಲವು ಸಿಕ್ಕಿಸಿದ ಕೂಡಲೇ ಸಿಡಿ ಡ್ರೈವ್‌ನಂತೆ ಕಾಣಿಸಿಕೊಳ್ಳುತ್ತವೆ, ವಿಂಡೋಸ್ ಡ್ರೈವರ್ ಅದರೊಳಗೇ ಇಟ್ಟಿರುತ್ತಾರೆ. ಅಂಥವಕ್ಕೆ ‘ಯುಎಸ್‌ಬಿ-ಮೋಡ್‌ಸ್ವಿಚ್’ ಪ್ಯಾಕೇಜ್ ಹಾಕಿದರೆ ವೈಫೈ ಆಗಿ ಬದಲಾಗುತ್ತವೆ.

ನೆಟ್‌ಬುಕ್ ಬಿಚ್ಚಿ ಒಳಗಿನ ಕಾರ್ಡನ್ನೇ ಬದಲಿಸಬೇಕು ಅಂದರೆ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಜಾಗ ಬಹುತೇಕ ನೆಟ್‌ಬುಕ್‌ಗಳಲ್ಲಿದೆ. ಎಆರ್9285 ಹಾಕಿದರೆ ಎಟಿಎಚ್9ಕೆ ಡ್ರೈವರ್‌ನಲ್ಲಿ ಸೀದಾ ನಡೆಯುತ್ತೆ, ಫರ್ಮ್‌ವೇರ್ ಬೇಕಿಲ್ಲ. ಆದರೆ ಕೆಲವು ಕಂಪನಿಗಳ ಬಯೋಸ್ ತಮ್ಮ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಬೂಟ್ ಆಗೋಕೇ ಬಿಡಲ್ಲ, ಎಚ್‌ಪಿ ಮತ್ತು ಲೆನೊವೊದ ಹಳೇ ಯಂತ್ರಗಳಲ್ಲಿ ಇದು ಇದೆ, ಕಾರ್ಡ್ ಕೊಳ್ಳುವ ಮೊದಲೇ ವಿಚಾರಿಸಿ. ಕಾರ್ಡ್ ಅರ್ಧ ಉದ್ದದ್ದೋ ಪೂರ್ತಿ ಉದ್ದದ್ದೋ ಅನ್ನೋದನ್ನೂ ಅಳೆದುಕೊಳ್ಳಿ. ಬಿಚ್ಚುವಾಗ ಬ್ಯಾಟರಿ ತೆಗೆದಿಡಿ, ಆಂಟೆನಾದ ಸಣ್ಣ ತಂತಿಗಳ ತುದಿಯನ್ನು ನೇರ ಮೇಲಕ್ಕೆ ಎತ್ತಿ ಬಿಡಿಸಿ, ಪಕ್ಕಕ್ಕೆ ಎಳೆದರೆ ಮುರಿಯುತ್ತೆ. ಹೊಸ ಕಾರ್ಡ್‌ನಲ್ಲಿ ಒಂದೇ ಆಂಟೆನಾ ತುದಿ ಇದ್ದರೆ ‘ಮೇನ್’ ತಂತಿಯನ್ನು ಅದಕ್ಕೆ ಹಾಕಿ, ಉಳಿದದ್ದರ ತುದಿಗೆ ಟೇಪ್ ಸುತ್ತಿ ಬದಿಗಿಡಿ.